ಎರಡು ಗೆರೆ ಕೂಡೋ ಜಾಗದಲ್ಲೇ ಉತ್ತರ: ಹತ್ತನೇ ಕ್ಲಾಸಿನ ಗ್ರಾಫ್ ಲೆಕ್ಕ, ಪಿಕಪ್ ಬಾಡಿಗೆ ಮತ್ತು ಘಾಟಿಯ ರೈಲು

ಹಾಸನ: ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆಯಲ್ಲಿ ‘ನಕ್ಷಾ ವಿಧಾನದಿಂದ ಬಿಡಿಸಿ’ ಅನ್ನೋ ಪ್ರಶ್ನೆ ಬರೋದು ವಾಡಿಕೆ. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ನಾಲ್ಕು ಅಂಕ. ಲಿಖಿತ ಪರೀಕ್ಷೆ ಇರೋದು 80 ಅಂಕಕ್ಕೆ. ಅದರಲ್ಲಿ ನಾಲ್ಕು ಅಂಕ ಪಾಸಾಗುವ ಅಂಚಿನಲ್ಲಿರುವ ಮಕ್ಕಳಿಗೆ ಸಣ್ಣದಲ್ಲ. ಆದರೂ ಬಹಳ ಮಕ್ಕಳು ಈ ಪಾಠವನ್ನು ‘ಟೇಬಲ್ ಹಾಕು, ಚುಕ್ಕೆ ಇಡು, ಗೆರೆ ಎಳಿ’ ಅಂತ ಬಾಯಿಪಾಠ ಮಾಡಿಕೊಂಡು ಹೋಗ್ತಾರೆ. ಆ ಗೆರೆ ಏನು ಹೇಳ್ತಿದೆ ಅನ್ನೋದು ಗೊತ್ತಿಲ್ಲದೇ ಇದ್ದರೆ, ಒಂದು ಚುಕ್ಕೆ ತಪ್ಪಿದಾಗ ಎಲ್ಲಿ ತಪ್ಪಿತು ಅಂತ ಹುಡುಕೋಕೂ ಆಗಲ್ಲ.

ಹಾಗಂತ ಇದು ಮಕ್ಕಳ ಪರೀಕ್ಷೆಗೆ ಮಾತ್ರ ಸೇರಿದ ಲೆಕ್ಕ ಅಲ್ಲ. ಆಲೂಗಡ್ಡೆ ಮೂಟೆ ಸಾಗಿಸಲು ಗಾಡಿ ಹಿಡಿಯುವ ರೈತರಿಗೂ, ಸಕಲೇಶಪುರ ಘಾಟಿಯಲ್ಲಿ ರೈಲು ಯಾಕೆ ಸುಮ್ಮನೆ ನಿಂತಿದೆ ಅಂತ ಯೋಚಿಸುವ ಪ್ರಯಾಣಿಕರಿಗೂ ಇದೇ ಲೆಕ್ಕದಲ್ಲಿ ಉತ್ತರ ಇದೆ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಗಾಡಿ ಬಾಡಿಗೆ

ಲೆಕ್ಕ ಸುಲಭ ಆಗಲಿ ಅಂತ ಒಂದು ಉದಾಹರಣೆ ತಗೊಳ್ಳೋಣ. ಇಬ್ಬರು ಪಿಕಪ್ ಓನರ್‌ಗಳನ್ನ ಬಾಡಿಗೆ ಕೇಳ್ತೀರಿ.

ಮೊದಲನೆಯವರು ಹೇಳ್ತಾರೆ: “ಗಾಡಿ ಮನೆ ಬಿಟ್ರೆ ಸಾವಿರ ಅಣ್ಣ, ಆಮೇಲೆ ಕಿಲೋಮೀಟರಿಗೆ ಇಪ್ಪತ್ತು.”

ಎರಡನೆಯವರು ಹೇಳ್ತಾರೆ: “ನಂಗೆ ಐನೂರು ಸಾಕು ಅಣ್ಣ, ಕಿಲೋಮೀಟರಿಗೆ ಮೂವತ್ತು ಕೊಡಿ.”

ಯಾರು ಅಗ್ಗ? ‘ಐನೂರು’ ಅಂದ ತಕ್ಷಣ ಎರಡನೆಯವರೇ ಅಗ್ಗ ಅನ್ನಿಸುತ್ತೆ. ಆದರೆ ಉತ್ತರ ದೂರದ ಮೇಲೆ ನಿಂತಿದೆ. ದೂರವನ್ನ ಎಕ್ಸ್ ಅಂತಲೂ, ಒಟ್ಟು ಬಾಡಿಗೆಯನ್ನ ವೈ ಅಂತಲೂ ಇಟ್ಟುಕೊಂಡರೆ ಇಬ್ಬರ ಮಾತೂ ಎರಡು ಸಮೀಕರಣ ಆಗುತ್ತೆ.

ಮೊದಲ ಗಾಡಿ: ವೈ = 1000 + 20ಎಕ್ಸ್
ಎರಡನೇ ಗಾಡಿ: ವೈ = 500 + 30ಎಕ್ಸ್

ಈಗ ಬೇರೆ ಬೇರೆ ದೂರಕ್ಕೆ ಬಾಡಿಗೆ ಎಷ್ಟು ಅಂತ ಬರೆಯೋಣ.

ದೂರ 0 ಕಿ.ಮೀ.: ಮೊದಲ ಗಾಡಿ 1000 ರೂ., ಎರಡನೇ ಗಾಡಿ 500 ರೂ.
ದೂರ 20 ಕಿ.ಮೀ.: 1400 ರೂ., 1100 ರೂ.
ದೂರ 50 ಕಿ.ಮೀ.: 2000 ರೂ., 2000 ರೂ.
ದೂರ 100 ಕಿ.ಮೀ.: 3000 ರೂ., 3500 ರೂ.

ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ದೂರ, ಉದ್ದಕ್ಕೆ ರೂಪಾಯಿ ಗುರುತು ಮಾಡಿ, ಈ ಚುಕ್ಕೆಗಳನ್ನಿಟ್ಟು ಸೇರಿಸಿದರೆ ಎರಡು ನೇರ ಗೆರೆ ಬರುತ್ತೆ. ಮೊದಲ ಗಾಡಿಯ ಗೆರೆ ಮೇಲಿಂದ ಶುರುವಾಗಿ ನಿಧಾನಕ್ಕೆ ಏರುತ್ತೆ. ಎರಡನೇದು ಕೆಳಗಿಂದ ಶುರುವಾಗಿ ಜೋರಾಗಿ ಏರುತ್ತೆ. ಎರಡೂ ಕೂಡೋದು 50 ಕಿ.ಮೀ., 2000 ರೂಪಾಯಿ ಇರೋ ಜಾಗದಲ್ಲಿ. ಪಠ್ಯಪುಸ್ತಕದ ಭಾಷೆಯಲ್ಲಿ ಹೇಳೋದಾದರೆ ಈ ಜೋಡಿಯ ಪರಿಹಾರ (50, 2000). ಊರಿನ ಮಾತಲ್ಲಿ ಹೇಳೋದಾದರೆ, 50 ಕಿಲೋಮೀಟರಿಗೆ ಯಾವ ಗಾಡಿ ಹಿಡಿದರೂ ಒಂದೇ.

ಕೂಡೋ ಬಿಂದುವಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರೋದು ಅದರ ಎಡ ಮತ್ತು ಬಲಕ್ಕಿರುವ ಭಾಗ. ಎಡಕ್ಕೆ, ಅಂದರೆ 50ಕ್ಕಿಂತ ಕಮ್ಮಿ ದೂರಕ್ಕೆ, ಎರಡನೇ ಗಾಡಿಯ ಗೆರೆ ಕೆಳಗಿದೆ. ಅದೇ ಅಗ್ಗ. ಬಲಕ್ಕೆ ಮೊದಲ ಗಾಡಿಯ ಗೆರೆ ಕೆಳಗೆ ಬರುತ್ತೆ. ಹಾಸನದಿಂದ ಬೇಲೂರಿಗೆ ಸುಮಾರು 40 ಕಿ.ಮೀ. ಅಂತ ಇಟ್ಟುಕೊಂಡರೆ ಮೊದಲ ಗಾಡಿಗೆ 1800, ಎರಡನೇದಕ್ಕೆ 1700. ನೂರು ರೂಪಾಯಿ ಉಳೀತು. ಬೆಂಗಳೂರಿಗೆ ಸುಮಾರು 180 ಕಿ.ಮೀ. ಅಂತ ಇಟ್ಟುಕೊಂಡರೆ ಮೊದಲ ಗಾಡಿಗೆ 4600, ಎರಡನೇದಕ್ಕೆ 5900. ‘ಐನೂರು ಸಾಕು’ ಅಂದವರ ಗಾಡಿಯೇ 1300 ರೂಪಾಯಿ ಜಾಸ್ತಿ ಆಯ್ತು.

ಇಲ್ಲೊಂದು ವಿಷಯ ಬಾಡಿಗೆ ಮಾತಾಡುವಾಗಲೇ ಕೇಳಿಕೊಳ್ಳಬೇಕು. ಕಿಲೋಮೀಟರ್ ಲೆಕ್ಕ ಹೋಗೋದಕ್ಕೆ ಮಾತ್ರಾನಾ, ಖಾಲಿ ಗಾಡಿ ವಾಪಸ್ ಬರೋದಕ್ಕೂ ಸೇರಿಸಿನಾ? ವಾಪಸ್ ಬರೋದೂ ಸೇರಿದರೆ ಬೇಲೂರಿನ 40 ಕಿ.ಮೀ. 80 ಆಗುತ್ತೆ, ಅಂದರೆ 50ರ ಗೆರೆ ದಾಟುತ್ತೆ. ಆಗ ಮೊದಲ ಗಾಡಿಗೆ 2600, ಎರಡನೇದಕ್ಕೆ 2900. ಅಗ್ಗವಾಗಿದ್ದ ಗಾಡಿಯೇ ದುಬಾರಿ ಆಯ್ತು. ದರ ಯಾವುದೂ ಬದಲಾಗಿಲ್ಲ, ಎಕ್ಸ್ ಅಂದರೆ ಏನು ಅನ್ನೋದಷ್ಟೇ ಬದಲಾಗಿದ್ದು. ಪರೀಕ್ಷೆಯಲ್ಲೂ ಅಷ್ಟೇ. ಮಾತಿನ ಲೆಕ್ಕ ಬಂದಾಗ ‘ಎಕ್ಸ್ ಅಂದರೆ ಇದು, ವೈ ಅಂದರೆ ಇದು’ ಅಂತ ಮೊದಲ ಸಾಲಿನಲ್ಲೇ ಬರೀಬೇಕು ಅನ್ನೋದು ಇದಕ್ಕೇ.

ಗೆರೆ ಅಂದರೆ ಏನು?

ಒಂದು ಸಮೀಕರಣದಲ್ಲಿ ಗೊತ್ತಿಲ್ಲದ ಸಂಖ್ಯೆ ಎರಡಿದ್ದರೆ ಉತ್ತರ ಒಂದಲ್ಲ, ಎಣಿಸಲಾರದಷ್ಟು. ಎಕ್ಸ್ + ವೈ = 5 ಅಂದರೆ 1 ಮತ್ತು 4 ಆಗಬಹುದು, 2 ಮತ್ತು 3 ಆಗಬಹುದು, ಎರಡೂವರೆ ಮತ್ತು ಎರಡೂವರೆ ಕೂಡ ಆಗಬಹುದು. ಈ ಎಲ್ಲ ಜೋಡಿಗಳನ್ನೂ ಚುಕ್ಕೆಯಾಗಿ ಇಟ್ಟರೆ ಅವು ಒಂದೇ ನೇರ ಗೆರೆಯಲ್ಲಿ ಸಾಲಾಗಿ ನಿಲ್ಲುತ್ತವೆ. ‘ರೇಖಾತ್ಮಕ ಸಮೀಕರಣ’ ಅನ್ನೋ ಹೆಸರು ಬಂದಿದ್ದೇ ಇದರಿಂದ. ಗೆರೆಯ ಮೇಲಿರುವ ಪ್ರತಿ ಚುಕ್ಕೆಯೂ ಆ ಸಮೀಕರಣಕ್ಕೆ ಸರಿಯಾದ ಉತ್ತರ. ಗೆರೆಯಿಂದ ಆಚೆ ಇರೋದು ಯಾವುದೂ ಅಲ್ಲ.

ಎರಡನೇ ಸಮೀಕರಣಕ್ಕೂ ಹೀಗೇ ಇನ್ನೊಂದು ಗೆರೆ. ಎರಡೂ ಗೆರೆಯ ಮೇಲೆ ಒಟ್ಟಿಗೆ ಇರುವ ಚುಕ್ಕೆ ಯಾವುದೋ, ಅದೊಂದೇ ಎರಡು ಸಮೀಕರಣಕ್ಕೂ ಒಪ್ಪುವ ಉತ್ತರ. ಇಡೀ ಪಾಠದ ಜೀವ ಇರೋದು ಇಷ್ಟರಲ್ಲೇ.

ಸಮೀಕರಣವನ್ನ ಗೆರೆಯಾಗಿ, ಗೆರೆಯನ್ನ ಸಮೀಕರಣವಾಗಿ ನೋಡುವ ಈ ದಾರಿ ಬಳಕೆಗೆ ಬಂದು ಮೂರೂವರೆ ಶತಮಾನ ದಾಟಿದೆ. ಫ್ರಾನ್ಸಿನ ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ಬರಹ ಇದಕ್ಕೆ ಅಡಿಪಾಯ ಹಾಕಿತು. ಅವರ ಹೆಸರಿನಿಂದಲೇ ಇವತ್ತಿಗೂ ಇದನ್ನ ಕಾರ್ಟೀಸಿಯನ್ ಪದ್ಧತಿ ಅಂತ ಕರೀತಾರೆ.

ಪರೀಕ್ಷೆಯಲ್ಲಿ ಬರೆಯೋದು ಹೇಗೆ?

ಪರೀಕ್ಷೆಯಲ್ಲಿ ಬರುವಂಥದ್ದೇ ಒಂದು ಲೆಕ್ಕ ಬಿಡಿಸೋಣ.

2ಎಕ್ಸ್ + ವೈ = 8
ಎಕ್ಸ್ – ವೈ = 1

ಮೊದಲ ಹೆಜ್ಜೆ, ಎರಡರಲ್ಲೂ ವೈ ಒಂದನ್ನೇ ಎಡಕ್ಕೆ ಉಳಿಸಿಕೊಳ್ಳೋದು. ಮೊದಲನೆಯದು ವೈ = 8 – 2ಎಕ್ಸ್ ಆಗುತ್ತೆ. ಎರಡನೆಯದು ವೈ = ಎಕ್ಸ್ – 1 ಆಗುತ್ತೆ. ಈ ಎರಡನೆಯದರಲ್ಲೇ ಚಿಹ್ನೆ ತಪ್ಪುವ ಸಾಧ್ಯತೆ ಹೆಚ್ಚು. ವೈ ಹಿಂದೆ ಮೈನಸ್ ಇದ್ದಾಗ ಅವಸರದಲ್ಲಿ 1 – ಎಕ್ಸ್ ಅಂತ ಬರೆದರೆ ಗೆರೆ ಬೇರೆ ಕಡೆಗೇ ವಾಲುತ್ತೆ.

ಎರಡನೇ ಹೆಜ್ಜೆ, ಟೇಬಲ್. ಪ್ರತಿ ಗೆರೆಗೂ ಮೂರು ಬಿಂದು ತಗೊಳ್ಳಿ.

ಮೊದಲ ಗೆರೆ: ಎಕ್ಸ್ 0 ಆದಾಗ ವೈ 8, ಎಕ್ಸ್ 2 ಆದಾಗ ವೈ 4, ಎಕ್ಸ್ 4 ಆದಾಗ ವೈ 0.
ಎರಡನೇ ಗೆರೆ: ಎಕ್ಸ್ 0 ಆದಾಗ ವೈ –1, ಎಕ್ಸ್ 2 ಆದಾಗ ವೈ 1, ಎಕ್ಸ್ 4 ಆದಾಗ ವೈ 3.

ಗೆರೆ ಎಳೆಯೋಕೆ ಎರಡು ಬಿಂದು ಸಾಕಲ್ವಾ, ಮೂರನೇದು ಯಾಕೆ ಅಂತ ಕೇಳಬಹುದು. ಯಾವುದೇ ಎರಡು ಬಿಂದು ಕೊಟ್ಟರೂ ಅವುಗಳ ಮಧ್ಯೆ ಗೆರೆ ಎಳೀಬಹುದು, ತಪ್ಪು ಬಿಂದುವಾದರೂ ಸರಿ. ಮೂರನೇದು ಸಾಕ್ಷಿ ಇದ್ದ ಹಾಗೆ. ಮೂರೂ ಒಂದೇ ಗೆರೆಯಲ್ಲಿ ಬರಲಿಲ್ಲ ಅಂದರೆ ಒಂದು ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತೆ. ಅದಕ್ಕೆ ಬೇಕಾಗೋದು ಅರ್ಧ ನಿಮಿಷ.

ಮೂರನೇ ಹೆಜ್ಜೆ, ಅಕ್ಷ ಎಳೆದು ಅಳತೆ ಬರೆಯೋದು. ಎರಡೂ ಅಕ್ಷಕ್ಕೆ 1 ಸೆಂ.ಮೀ. = 1 ಮೂಲಮಾನ ಅಂತ ಹಾಳೆಯ ಮೂಲೆಯಲ್ಲಿ ಬರೀರಿ. ಹಾಳೆಗೆ ಕೈ ಹಾಕುವ ಮೊದಲು ಟೇಬಲ್ ಮೇಲೆ ಒಮ್ಮೆ ಕಣ್ಣಾಡಿಸಿ. ಇಲ್ಲಿ ವೈ 8ರ ತನಕ ಹೋಗುತ್ತೆ, ಕೆಳಗೆ –1 ಇದೆ. ಮೂಲಬಿಂದುವನ್ನ ಅದಕ್ಕೆ ತಕ್ಕಂತೆ ಇಡಬೇಕು. ಹಾಳೆಯ ತಳದಲ್ಲೇ ಎಕ್ಸ್ ಅಕ್ಷ ಎಳೆದುಬಿಟ್ಟರೆ –1 ಗುರುತು ಮಾಡೋಕೆ ಜಾಗವೇ ಇರಲ್ಲ.

ನಾಲ್ಕನೇ ಹೆಜ್ಜೆ, ಚುಕ್ಕೆ ಇಟ್ಟು ಸ್ಕೇಲ್ ಹಿಡಿದು ಗೆರೆ ಎಳೆಯೋದು. ಚುಕ್ಕೆಗಳ ಮಧ್ಯಕ್ಕೇ ನಿಲ್ಲಿಸಬೇಡಿ. ಎರಡೂ ಕಡೆ ಸ್ವಲ್ಪ ಮುಂದಕ್ಕೆ ಎಳೆದು ತುದಿಗೆ ಬಾಣದ ಗುರುತು ಹಾಕಿ. ಗೆರೆಯ ಪಕ್ಕದಲ್ಲೇ ಅದರ ಸಮೀಕರಣ ಬರೀರಿ. ಚೂಪಾದ ಪೆನ್ಸಿಲ್ ಇರಲಿ. ಗೆರೆ ದಪ್ಪ ಆದಷ್ಟೂ ಕೂಡೋ ಜಾಗ ಮಸುಕಾಗುತ್ತೆ.

ಐದನೇ ಹೆಜ್ಜೆ, ಉತ್ತರ ಓದೋದು. ಎರಡು ಗೆರೆ (3, 2) ಅನ್ನೋ ಬಿಂದುವಲ್ಲಿ ಛೇದಿಸುತ್ತವೆ. ಅಲ್ಲಿಂದ ಎರಡೂ ಅಕ್ಷಕ್ಕೆ ಚುಕ್ಕೆ ಗೆರೆ ಎಳೆದು, ‘ಎಕ್ಸ್ = 3, ವೈ = 2’ ಅಂತ ಬರೀಬೇಕು. ಗ್ರಾಫ್ ಚೆನ್ನಾಗಿ ಬರೆದು ಈ ಒಂದು ಸಾಲು ಬಿಟ್ಟು ಬರೋದು ಸುಮ್ಮನೆ ಅಂಕ ಬಿಟ್ಟು ಬಂದ ಹಾಗೆ.

ಕೊನೆಗೆ ತಾಳೆ ನೋಡಿ. 2 × 3 + 2 = 8, ಸರಿ. 3 – 2 = 1, ಸರಿ. ಎರಡರಲ್ಲೂ ತಾಳೆ ಆಯ್ತು ಅಂದರೆ ಉತ್ತರ ಖಾತ್ರಿ. ಒಂದಕ್ಕೆ ಮಾತ್ರ ತಾಳೆ ಆದರೆ ಇನ್ನೊಂದು ಗೆರೆಯ ಟೇಬಲ್‌ನಲ್ಲೇ ತಪ್ಪಿರೋದು, ಅಲ್ಲಿಗೇ ಹೋಗಿ ನೋಡಿ.

ಗೆರೆ ಕೂಡದೇ ಹೋದರೆ?

ಎರಡು ಗೆರೆ ಯಾವಾಗಲೂ ಕೂಡಲೇಬೇಕು ಅಂತೇನಿಲ್ಲ. ಮೂರು ಥರ ಆಗಬಹುದು. ಇದನ್ನ ತರಕಾರಿ ಅಂಗಡಿ ಲೆಕ್ಕದಲ್ಲಿ ನೋಡೋಣ. ಒಂದು ದಿನ 2 ಕೆ.ಜಿ. ಆಲೂಗಡ್ಡೆ, 1 ಕೆ.ಜಿ. ಈರುಳ್ಳಿ ತಂದಿರಿ, ಒಟ್ಟು 100 ರೂಪಾಯಿ. ಯಾವುದು ಕೆ.ಜಿ.ಗೆ ಎಷ್ಟು ಅಂತ ಚೀಟಿಯಲ್ಲಿಲ್ಲ. ಅದನ್ನ ಕಂಡುಹಿಡಿಯೋಕೆ ಇನ್ನೊಂದು ಚೀಟಿ ಬೇಕು.

ಪಕ್ಕದ ಮನೆಯವರ ಚೀಟಿಯಲ್ಲಿ 1 ಕೆ.ಜಿ. ಆಲೂಗಡ್ಡೆ, 1 ಕೆ.ಜಿ. ಈರುಳ್ಳಿಗೆ 70 ರೂಪಾಯಿ ಅಂತ ಇದ್ದರೆ ಕೆಲಸ ಆಯ್ತು. ಎರಡು ಗೆರೆ ಒಂದೇ ಕಡೆ ಛೇದಿಸುತ್ತವೆ. ಆಲೂಗಡ್ಡೆ 30, ಈರುಳ್ಳಿ 40. ಇದು ಅನನ್ಯ ಪರಿಹಾರ, ಅಂದರೆ ಉತ್ತರ ಒಂದೇ ಒಂದು.

ಅದರ ಬದಲು ಅವರ ಚೀಟಿಯಲ್ಲಿ 4 ಕೆ.ಜಿ. ಆಲೂಗಡ್ಡೆ, 2 ಕೆ.ಜಿ. ಈರುಳ್ಳಿಗೆ 200 ರೂಪಾಯಿ ಅಂತ ಇದ್ದರೆ? ನಿಮ್ಮ ಚೀಟಿಯನ್ನೇ ಎರಡು ಪಟ್ಟು ಮಾಡಿದ್ದು ಅದು. ಹೊಸ ಸುದ್ದಿ ಏನೂ ಇಲ್ಲ. ಗ್ರಾಫ್‌ನಲ್ಲಿ ಎರಡನೇ ಗೆರೆ ಮೊದಲನೇದರ ಮೇಲೇ ಕೂರುತ್ತೆ. ಇವು ಐಕ್ಯಗೊಳ್ಳುವ ರೇಖೆಗಳು, ಪರಿಹಾರ ಅಪರಿಮಿತ. ಆಲೂಗಡ್ಡೆ 30 ಇರಬಹುದು, 35 ಇರಬಹುದು, ಹೇಳೋಕಾಗಲ್ಲ.

ಇನ್ನು ಅದೇ 4 ಕೆ.ಜಿ. ಆಲೂಗಡ್ಡೆ, 2 ಕೆ.ಜಿ. ಈರುಳ್ಳಿಗೆ 210 ರೂಪಾಯಿ ಅಂತ ಇದ್ದರೆ? ಸಾಮಾನು ಎರಡು ಪಟ್ಟು, ದುಡ್ಡು ಎರಡು ಪಟ್ಟಿಗಿಂತ ಹತ್ತು ರೂಪಾಯಿ ಜಾಸ್ತಿ. ಗ್ರಾಫ್‌ನಲ್ಲಿ ಎರಡೂ ಸಮಾಂತರ ಗೆರೆಗಳು, ಎಷ್ಟು ದೂರ ಎಳೆದರೂ ಕೂಡಲ್ಲ. ಪರಿಹಾರ ಇಲ್ಲ. ಇದರ ಅರ್ಥ ಇಬ್ಬರಿಗೂ ಒಂದೇ ದರ ಹಾಕಿಲ್ಲ ಅಂತ. ದರ ಬದಲಾಗಿರಬೇಕು, ಇಲ್ಲಾ ಕೂಡುವಾಗ ತಪ್ಪಿರಬೇಕು. ಪುಸ್ತಕದಲ್ಲಿ ಇದನ್ನ ‘ಅಸ್ಥಿರ ಜೋಡಿ’ ಅಂತಾರೆ. ಅಂಗಡಿಯಲ್ಲಾದರೆ ‘ಇನ್ನೊಂದ್ಸಲ ಲೆಕ್ಕ ನೋಡಿ’ ಅಂತ ಕೇಳಬೇಕಾದ ಜಾಗ ಅದು.

ಗೆರೆ ಎಳೆಯದೆಯೂ ಇದನ್ನ ಪತ್ತೆ ಹಚ್ಚಬಹುದು. ಎರಡು ಸಮೀಕರಣದ ಎಕ್ಸ್ ಸಹಗುಣಕಗಳ ಅನುಪಾತ ಮತ್ತು ವೈ ಸಹಗುಣಕಗಳ ಅನುಪಾತ ಬೇರೆ ಬೇರೆ ಆಗಿದ್ದರೆ ಗೆರೆ ಛೇದಿಸುತ್ತೆ. ಅವೆರಡೂ ಒಂದೇ ಆಗಿ, ಒಟ್ಟು ಮೊತ್ತದ ಅನುಪಾತವೂ ಅದೇ ಆದರೆ ಗೆರೆ ಒಂದರ ಮೇಲೊಂದು. ಅವೆರಡು ಒಂದೇ ಆಗಿ, ಮೊತ್ತದ್ದು ಮಾತ್ರ ಬೇರೆ ಆದರೆ ಸಮಾಂತರ. ನಮ್ಮ ಚೀಟಿಯಲ್ಲಿ 2/4 ಮತ್ತು 1/2 ಎರಡೂ ಅರ್ಧವೇ. 100/200 ಕೂಡ ಅರ್ಧ, ಹಾಗಾಗಿ ಐಕ್ಯ. 100/210 ಅರ್ಧ ಅಲ್ಲ, ಹಾಗಾಗಿ ಸಮಾಂತರ. ಒಂದು ಅಂಕದ ಪ್ರಶ್ನೆಗೆ ಇಷ್ಟು ಗೊತ್ತಿದ್ದರೆ ಸಾಕು.

ಘಾಟಿಯಲ್ಲಿ ರೈಲು ಯಾಕೆ ಕಾಯುತ್ತೆ?

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದ ತನಕ ಘಾಟಿಯ ರೈಲು ಮಾರ್ಗ ಸುಮಾರು 55 ಕಿ.ಮೀ. ಉದ್ದ ಇದೆ. ಒಂದೇ ಹಳಿ. ಎದುರು ಬದುರು ಬರುವ ಎರಡು ಗಾಡಿ ಒಂದನ್ನೊಂದು ದಾಟಬೇಕು ಅಂದರೆ ದೋಣಿಗಲ್, ಕಡಗರವಳ್ಳಿ, ಎಡಕುಮೇರಿಯಂಥ ನಿಲ್ದಾಣದಲ್ಲಿ ಒಂದು ಗಾಡಿ ಪಕ್ಕದ ಹಳಿಗೆ ಸರಿದು ನಿಲ್ಲಬೇಕು.

ರೈಲ್ವೆಯಲ್ಲಿ ಗಾಡಿಗಳ ಓಡಾಟವನ್ನ ಗ್ರಾಫ್ ಮೇಲೇ ಗುರುತು ಮಾಡ್ತಾರೆ. ಒಂದು ಅಕ್ಷದಲ್ಲಿ ಸಮಯ, ಇನ್ನೊಂದರಲ್ಲಿ ನಿಲ್ದಾಣಗಳು. ಒಂದೊಂದು ಗಾಡಿಗೂ ಒಂದೊಂದು ಗೆರೆ. ವಿರುದ್ಧ ದಿಕ್ಕಿನ ಎರಡು ಗೆರೆ ಛೇದಿಸಿದ ಜಾಗದಲ್ಲೇ ಎರಡು ಗಾಡಿ ಭೇಟಿ ಆಗೋದು.

ಉದಾಹರಣೆಗೆ, ಬೆಳಿಗ್ಗೆ 8ಕ್ಕೆ ಸಕಲೇಶಪುರದಿಂದ ಒಂದು ಗಾಡಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಇಳಿಯೋಕೆ ಶುರು ಮಾಡಿತು. ಅದೇ ಹೊತ್ತಿಗೆ ಸುಬ್ರಹ್ಮಣ್ಯ ರಸ್ತೆಯಿಂದ ಇನ್ನೊಂದು ಗಾಡಿ 30 ಕಿ.ಮೀ. ವೇಗದಲ್ಲಿ ಹತ್ತೋಕೆ ಶುರು ಮಾಡಿತು ಅಂದುಕೊಳ್ಳಿ. ಈ ಸಮಯ, ವೇಗ ಎರಡೂ ಲೆಕ್ಕಕ್ಕೆ ಇಟ್ಟುಕೊಂಡಿದ್ದು. ಎಂಟು ಗಂಟೆಯಿಂದ ಕಳೆದ ಸಮಯ ಎಕ್ಸ್ ಗಂಟೆ, ಸಕಲೇಶಪುರದಿಂದ ಇರುವ ದೂರ ವೈ ಕಿ.ಮೀ. ಆದರೆ:

ಇಳಿಯುವ ಗಾಡಿ: ವೈ = 25ಎಕ್ಸ್
ಹತ್ತುವ ಗಾಡಿ: ವೈ = 55 – 30ಎಕ್ಸ್

ಗೆರೆ ಎಳೆದರೆ ಎರಡೂ (1, 25)ರಲ್ಲಿ ಛೇದಿಸುತ್ತವೆ. ಅಂದರೆ 9 ಗಂಟೆಗೆ, ಸಕಲೇಶಪುರದಿಂದ 25 ಕಿ.ಮೀ. ದೂರದಲ್ಲಿ ಎರಡೂ ಗಾಡಿ ಎದುರಾಗುತ್ತವೆ. ಅಲ್ಲಿ ನಿಲ್ದಾಣ ಇಲ್ಲದೇ ಇದ್ದರೆ? ದಾಟೋಕೆ ಜಾಗವೇ ಇಲ್ಲ. ಹಾಗಾಗಿ ಛೇದನ ಬಿಂದುವನ್ನೇ ನಿಲ್ದಾಣ ಇರುವ ಕಡೆಗೆ ತರಬೇಕು.

ದಾಟುವ ನಿಲ್ದಾಣ 20ನೇ ಕಿ.ಮೀ.ಯಲ್ಲಿ ಇದೆ ಅಂತ ಇಟ್ಟುಕೊಳ್ಳೋಣ. ಇಳಿಯುವ ಗಾಡಿ ಅಲ್ಲಿಗೆ 8.48ಕ್ಕೆ ಬರುತ್ತೆ. ಹತ್ತುವ ಗಾಡಿ ಅಲ್ಲಿಗೆ ತಲುಪೋದು 9.10ಕ್ಕೆ. ಹಾಗಾಗಿ ಇಳಿಯುವ ಗಾಡಿ ಅಲ್ಲಿ 22 ನಿಮಿಷ ನಿಂತಿರಲೇಬೇಕು. ಗ್ರಾಫ್‌ನಲ್ಲಿ ಆ 22 ನಿಮಿಷ ಒಂದು ಮಟ್ಟಸವಾದ ಗೆರೆ. ಸಮಯ ಓಡ್ತಾ ಇರುತ್ತೆ, ದೂರ ಹಾಗೇ ಇರುತ್ತೆ. ಕಿಟಕಿಯಾಚೆ ಕಾಡು ಬಿಟ್ಟು ಬೇರೇನೂ ಕಾಣದ ಕಡೆ ಗಾಡಿ ನಿಂತಾಗ ಬೇಜಾರಾಗೋದು ಸಹಜ. ಆದರೆ ಒಂದೇ ಹಳಿಯ ಮೇಲೆ ಎದುರಿನ ಗಾಡಿಯ ಗೆರೆ ಬಂದು ಕೂಡೋ ತನಕ ಈ ಗೆರೆ ಮುಂದೆ ಹೋಗುವ ಹಾಗಿಲ್ಲ.

ಗ್ರಾಫ್‌ನಿಂದ ಆಗದೇ ಇರೋದು

ಈ ವಿಧಾನಕ್ಕೆ ಒಂದು ಮಿತಿ ಇದೆ. ಎಕ್ಸ್ + ವೈ = 3, 2ಎಕ್ಸ್ – ವೈ = 2 ಅನ್ನೋ ಜೋಡಿಗೆ ಗೆರೆ ಎಳೆದರೆ ಅವು ಒಂದೂವರೆ ಮತ್ತು ಎರಡರ ಮಧ್ಯೆ ಎಲ್ಲೋ ಕೂಡುತ್ತವೆ. 1.6 ಅಂತ ಒಬ್ಬರಿಗೆ ಕಂಡರೆ 1.7 ಅಂತ ಇನ್ನೊಬ್ಬರಿಗೆ ಕಾಣುತ್ತೆ. ನಿಖರ ಉತ್ತರ ಎಕ್ಸ್ = 5/3, ವೈ = 4/3. ಇದನ್ನ ಕಣ್ಣಳತೆಯಲ್ಲಿ ಓದೋಕೆ ಆಗಲ್ಲ. ಇಂಥ ಕಡೆ ಆದೇಶ ವಿಧಾನ ಅಥವಾ ವರ್ಜಿಸುವ ವಿಧಾನವೇ ಸರಿ. ಇಲ್ಲಿ ಎರಡೂ ಸಮೀಕರಣ ಕೂಡಿದರೆ ವೈ ಹೋಗಿ 3ಎಕ್ಸ್ = 5 ಉಳಿಯುತ್ತೆ, ಒಂದೇ ಸಾಲಿನಲ್ಲಿ ಮುಗೀತು.

ಹಾಗಾದರೆ ಗ್ರಾಫ್ ಯಾಕೆ ಬೇಕು? ವರ್ಜಿಸುವ ವಿಧಾನ ಕೊಡೋದು ಕೂಡೋ ಬಿಂದು ಒಂದನ್ನೇ. ಅದಕ್ಕೂ ಮುಂಚೆ ಯಾರು ಅಗ್ಗ, ಆಮೇಲೆ ಯಾರು ಅಗ್ಗ, ವ್ಯತ್ಯಾಸ ಎಷ್ಟು ಬೇಗ ಬೆಳೆಯುತ್ತೆ ಅನ್ನೋದನ್ನ ಒಂದೇ ನೋಟಕ್ಕೆ ತೋರಿಸೋದು ಗ್ರಾಫ್. ಬಾಡಿಗೆಯಲ್ಲಿ ನೋಡಿದೆವಲ್ಲ, 50 ಅನ್ನೋ ಸಂಖ್ಯೆಗಿಂತ ‘50ರ ಈಚೆಗಾ, ಆಚೆಗಾ’ ಅನ್ನೋದೇ ದುಡ್ಡು ಉಳಿಸಿದ್ದು.

ಮನೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿದ್ದರೆ ಗೈಡಿನಿಂದ ಇನ್ನೊಂದು ಲೆಕ್ಕ ಹುಡುಕಬೇಕಾಗಿಲ್ಲ. ಗಾಡಿ ಬಾಡಿಗೆ, ಶಾಮಿಯಾನ ಬಾಡಿಗೆ, ಮೊಬೈಲ್ ಪ್ಲಾನ್, ಎರಡು ದರ ಇರುವ ಯಾವುದನ್ನಾದರೂ ಕೊಟ್ಟು, ‘ಯಾವುದು ಎಲ್ಲಿವರೆಗೆ ಅಗ್ಗ, ಗೆರೆ ಎಳೆದು ತೋರಿಸು’ ಅಂತ ಕೇಳಿ. ಮೂರು ಬಿಂದು, ಸರಿಯಾದ ಅಳತೆ, ಕೊನೆಗೆ ತಾಳೆ, ಇಷ್ಟನ್ನ ತಪ್ಪದೆ ಮಾಡಿಸಿ. ಪರೀಕ್ಷೆಯ ನಾಲ್ಕು ಅಂಕಕ್ಕೂ ಅದೇ ಅಭ್ಯಾಸ ಸಾಕು, ಬಾಡಿಗೆ ಮಾತಾಡೋಕೂ ಅದೇ ಸಾಕು.